600 ಸಾವು, ಶಿಕ್ಷೆ ಸೊನ್ನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಯಾಕೆ ನ್ಯಾಯ ಸಿಗುತ್ತಿಲ್ಲ?

ಪ್ರಶ್ನೆ: ನನ್ನ ಮಗಳು ಮೆಲ್ಬರ್ನ್‌ನಲ್ಲಿ ಓದುತ್ತಿದ್ದಾಳೆ. ಜನವರಿ 26ರಂದು ಅಲ್ಲಿನ ಮೂಲನಿವಾಸಿಗಳ ಮೆರವಣಿಗೆಗೆ ಹೋಗಿ ಫೋಟೊ ಕಳಿಸಿದ್ದಳು. ಅದರಲ್ಲೊಂದು ಫಲಕ: ‘ಕಸ್ಟಡಿಯಲ್ಲಿ 600ಕ್ಕೂ ಜಾಸ್ತಿ ಸಾವು, ಒಬ್ಬರಿಗೂ ಶಿಕ್ಷೆ ಇಲ್ಲ.’ ಇದು ನಿಜವೇ? ಅಷ್ಟು ಮುಂದುವರಿದ ದೇಶ, ಠಾಣೆಯಲ್ಲೆಲ್ಲ ಕ್ಯಾಮೆರಾ, ಒಳ್ಳೆಯ ಕೋರ್ಟು. ಆದರೂ ಹೀಗೆ ಹೇಗೆ? ನಮ್ಮ ಕಡೆಯ ಲಾಕಪ್ ಡೆತ್ ತರಹ ಅಲ್ಲಿಯೂ ಪೊಲೀಸರು ಹೊಡೆದು ಸಾಯಿಸುತ್ತಾರಾ? ಮಗಳಿಗೆ ಏನು ಹೇಳಬೇಕು ಗೊತ್ತಾಗುತ್ತಿಲ್ಲ.
(ಒಬ್ಬ ಓದುಗರು, ದಾವಣಗೆರೆ)

ಉತ್ತರ: ಫಲಕದ ಮಾತು ಬಹುಮಟ್ಟಿಗೆ ನಿಜ. ಆದರೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1991ರಲ್ಲಿ ಇಂಥ ಸಾವುಗಳ ಬಗ್ಗೆ ಅಲ್ಲಿನ ರಾಯಲ್ ಕಮಿಷನ್ (ಸರ್ಕಾರ ನೇಮಿಸುವ ಉನ್ನತ ತನಿಖಾ ಆಯೋಗ) ವರದಿ ಕೊಟ್ಟಿತು. ಅಲ್ಲಿಂದ ಈಚೆಗೆ ಪೊಲೀಸ್ ಮತ್ತು ಜೈಲು ಕಸ್ಟಡಿಯಲ್ಲಿ ಸತ್ತ ಮೂಲನಿವಾಸಿಗಳ ಲೆಕ್ಕ 600 ದಾಟಿದೆ. ಈ ಸಾವುಗಳಿಗಾಗಿ ಒಬ್ಬ ಪೊಲೀಸನ ಮೇಲೂ, ಒಬ್ಬ ಜೈಲು ಸಿಬ್ಬಂದಿಯ ಮೇಲೂ ಕೊಲೆ ಅಥವಾ ನರಹತ್ಯೆಯ (ಕೊಲ್ಲುವ ಉದ್ದೇಶವಿಲ್ಲದೆ ಸಾವಿಗೆ ಕಾರಣವಾದ) ಆರೋಪ ಸಾಬೀತಾಗಿಲ್ಲ. ಕೇಸೇ ಹಾಕಿಲ್ಲ ಅಂತಲ್ಲ. ಬೆರಳೆಣಿಕೆಯಷ್ಟು ಹಾಕಿದ್ದಾರೆ. ಜ್ಯೂರಿ (ಸಾಮಾನ್ಯ ನಾಗರಿಕರಿಂದ ಆರಿಸಿದ ತೀರ್ಪುಗಾರರ ಮಂಡಳಿ) ಮುಂದೆ ಹೋದವು ಖುಲಾಸೆಯಲ್ಲಿ ಮುಗಿದಿವೆ.

ಹಾಗಂತ 600 ಸಾವು ಎಂದರೆ 600 ಕೊಲೆ ಅಲ್ಲ. ಇದರಲ್ಲಿ ಜೈಲಿನಲ್ಲಿ ಕಾಯಿಲೆಯಿಂದ ಸತ್ತವರಿದ್ದಾರೆ, ನೇಣು ಹಾಕಿಕೊಂಡವರಿದ್ದಾರೆ, ಗುಂಡೇಟಿಗೆ ಬಿದ್ದವರಿದ್ದಾರೆ, ಪೊಲೀಸರು ಬೆನ್ನಟ್ಟುವಾಗ ಸತ್ತವರೂ ಇದ್ದಾರೆ. ನಮ್ಮಲ್ಲಿ ಲಾಕಪ್ ಡೆತ್ ಎಂದ ಕೂಡಲೇ ಕಣ್ಣಿಗೆ ಬರುವುದು ಲಾಠಿ. ಅಲ್ಲಿಯೂ ಏಟಿನ ಆರೋಪ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಅಲ್ಲಿನ ತನಿಖಾ ವರದಿಗಳನ್ನು ಒಂದಾದ ಮೇಲೊಂದು ಓದುತ್ತಾ ಹೋದರೆ ಜಾಸ್ತಿ ಕಾಣುವುದು ಬೇರೆಯೇ. ನೋವು ಅಂದವರನ್ನು ನಂಬದಿರುವುದು. ಬಾಗಿಲು ತೆರೆದು ನೋಡದಿರುವುದು. ‘ನಾಟಕ ಮಾಡ್ತಿದ್ದಾಳೆ’ ಅಂದುಕೊಳ್ಳುವುದು. ಇಂಥ ಸಾವಿಗೆ ಕ್ರಿಮಿನಲ್ ಕಾನೂನಿನಲ್ಲಿ ಹೊಣೆಗಾರನನ್ನು ಹಿಡಿಯುವುದು ತುಂಬಾ ಕಷ್ಟ. ನಾನು ಕ್ರಿಮಿನಲ್ ಕಾನೂನು ಪಾಠ ಮಾಡುವವನು. ನಿಮ್ಮ ‘ಹೀಗೆ ಹೇಗೆ’ ಎನ್ನುವ ಪ್ರಶ್ನೆಗೆ ನನ್ನ ಉತ್ತರ ಬಹುಪಾಲು ಇಲ್ಲೇ ಇದೆ.

ಒಂದು ಸಾವನ್ನು ಹತ್ತಿರದಿಂದ ನೋಡೋಣ. ನಿಮ್ಮ ಮಗಳು ಇರುವ ರಾಜ್ಯದ್ದೇ.

2017ರ ಡಿಸೆಂಬರ್ 5. ಟಾನ್ಯಾ ಡೇ ಎನ್ನುವ 55 ವರ್ಷದ ಯೋರ್ಟಾ ಯೋರ್ಟಾ ಸಮುದಾಯದ ಹೆಣ್ಣುಮಗಳು ಎಚುಕಾದಿಂದ ಮೆಲ್ಬರ್ನ್‌ಗೆ ರೈಲಿನಲ್ಲಿ ಹೊರಟಿದ್ದರು. ಮೆಲ್ಬರ್ನ್‌ನಲ್ಲಿ ಮಗಳು ಬಸುರಿ, ಅವಳನ್ನು ನೋಡಲು. ಕುಡಿದಿದ್ದರು, ನಿದ್ದೆ ಹತ್ತಿತ್ತು. ಟಿಕೆಟ್ ಕೇಳಿದಾಗ ಸರಿಯಾಗಿ ಉತ್ತರ ಬರಲಿಲ್ಲ. ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಕಂಡಕ್ಟರ್ ಪೊಲೀಸರನ್ನು ಕರೆಸಿದರು. ಕಾಸಲ್‌ಮೇನ್ ಸ್ಟೇಷನ್ನಿನಲ್ಲಿ ಇಳಿಸಿ, ಸಾರ್ವಜನಿಕ ಜಾಗದಲ್ಲಿ ಕುಡಿದಿದ್ದಾರೆ ಎಂದು ಬಂಧಿಸಿ, ಅಮಲು ಇಳಿಯುವವರೆಗೆ ನಾಲ್ಕು ಗಂಟೆ ಸೆಲ್‌ನಲ್ಲಿಡುವುದು ಅಂತ ತೀರ್ಮಾನ ಮಾಡಿದರು.

ಸೆಲ್‌ನಲ್ಲಿ ಅವರು ಮತ್ತೆ ಮತ್ತೆ ಬಿದ್ದರು. ಸಂಜೆ ಐದಕ್ಕೆ ಸ್ವಲ್ಪ ಮುಂಚೆ ಬಿದ್ದಾಗ ಹಣೆ ಗೋಡೆಗೆ ಜೋರಾಗಿ ಬಡಿಯಿತು. ಮಿದುಳಲ್ಲಿ ರಕ್ತಸ್ರಾವ ಶುರುವಾಯಿತು. ಕ್ಯಾಮೆರಾ ಎಲ್ಲವನ್ನೂ ರೆಕಾರ್ಡ್ ಮಾಡುತ್ತಿತ್ತು. ಬಿದ್ದದ್ದನ್ನು ಯಾರೂ ಪರದೆಯಲ್ಲಿ ಗಮನಿಸಲಿಲ್ಲ. ಅಮಲಿನಲ್ಲಿರುವವರನ್ನು ಒಳಗಿಟ್ಟಾಗ ಆಗಾಗ ಹೋಗಿ, ಎಬ್ಬಿಸಿ, ಮಾತಾಡಿಸಿ ನೋಡಬೇಕು ಅನ್ನುವುದು ನಿಯಮ. ಪೊಲೀಸರು ಮಾಡಿದ ತಪಾಸಣೆ ಬಹುಪಾಲು ಕಿಟಕಿಯಿಂದ ಒಂದು ಇಣುಕು ನೋಟ, ಕೆಲವು ಸೆಕೆಂಡು. ಆಂಬುಲೆನ್ಸ್‌ಗೆ ಫೋನು ಹೋದದ್ದು ಸುಮಾರು ಮೂರು ಗಂಟೆ ಆದ ಮೇಲೆ. ಡಿಸೆಂಬರ್ 22ಕ್ಕೆ ಮೆಲ್ಬರ್ನ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ನೋಡಬೇಕೆಂದು ಹೊರಟ ಊರಿಗೆ ತಲುಪಿದ್ದು ಹಾಗೆ.

ಮುಂದಿನದ್ದು ಕೇಳಿ. ಇದೇ ಟಾನ್ಯಾ ಡೇ ಅವರ ಸೋದರ ಸಂಬಂಧದ ಹಿರಿಯರೊಬ್ಬರು 1982ರಲ್ಲಿ ಪೊಲೀಸ್ ಕಸ್ಟಡಿಯಲ್ಲೇ ಸತ್ತಿದ್ದರು. ರಾಯಲ್ ಕಮಿಷನ್ ತನಿಖೆ ಮಾಡಿದ 99 ಸಾವುಗಳಲ್ಲಿ ಅದೂ ಒಂದು. ಕುಡಿದು ಬೀದಿಯಲ್ಲಿರುವುದು ಅಪರಾಧ ಅನ್ನುವ ಕಾನೂನನ್ನು ತೆಗೆದುಹಾಕಿ ಅಂತ ಕಮಿಷನ್ 1991ರಲ್ಲೇ ಹೇಳಿತ್ತು. ವಿಕ್ಟೋರಿಯಾ ರಾಜ್ಯ ತೆಗೆದಿರಲಿಲ್ಲ. ಒಂದೇ ಮನೆಯ ಎರಡು ತಲೆಮಾರು ಹೀಗೆ ಹೋಯಿತು.

ಈಗ ಕಾನೂನಿನ ದಾರಿ ನೋಡಿ. ಅಲ್ಲಿ ಕಸ್ಟಡಿಯಲ್ಲಿ ಯಾರು ಸತ್ತರೂ ಸಾಮಾನ್ಯವಾಗಿ ಕೊರೊನರ್ ಎನ್ನುವ ನ್ಯಾಯಾಧಿಕಾರಿ ಬಹಿರಂಗ ವಿಚಾರಣೆ ಮಾಡಬೇಕು. ಇದಕ್ಕೆ ಇನ್‌ಕ್ವೆಸ್ಟ್ ಅಂತಾರೆ. ಸಾಕ್ಷಿಗಳು ಬರುತ್ತಾರೆ, ಕುಟುಂಬದ ವಕೀಲರು ಪೊಲೀಸರಿಗೆ ಪಾಟೀಸವಾಲು ಹಾಕಬಹುದು. ಟಾನ್ಯಾ ಡೇ ಅವರ ಇನ್‌ಕ್ವೆಸ್ಟ್‌ನಲ್ಲಿ ಅವರ ಮಕ್ಕಳು ಹಟ ಹಿಡಿದು ಎರಡು ಕೆಲಸ ಮಾಡಿಸಿದರು. ಸೆಲ್‌ನ ವಿಡಿಯೊ ಹೊರಗೆ ಬರುವಂತೆ ಮಾಡಿದರು. ಮತ್ತೆ, ವ್ಯವಸ್ಥೆಯೊಳಗಿನ ಜನಾಂಗ ಭೇದ ಈ ಸಾವಿಗೆ ಕಾರಣವಾಯಿತಾ ಅನ್ನುವ ಪ್ರಶ್ನೆಯನ್ನೂ ಕೊರೊನರ್ ಪರಿಶೀಲಿಸುವಂತೆ ಮಾಡಿದರು. ತಮ್ಮ ತಾಯಿ ನೆಲದ ಮೇಲೆ ಒದ್ದಾಡುವ ವಿಡಿಯೊವನ್ನು ಊರೆಲ್ಲ ನೋಡಲಿ ಅಂತ ಮಕ್ಕಳೇ ಕೇಳಬೇಕಾಗಿ ಬಂತಲ್ಲ, ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಹಿಂಡುತ್ತದೆ. ಆದರೆ ಅವರು ಮಾಡಿದ್ದು ಸರಿ. ಆ ವಿಡಿಯೊ ಹೊರಗೆ ಬಾರದಿದ್ದರೆ ಅಮಲಿನಲ್ಲಿ ಬಿದ್ದು ಸತ್ತರು ಅನ್ನುವ ಒಂದು ಸಾಲಿನಲ್ಲಿ ಎಲ್ಲ ಮುಗಿಯುತ್ತಿತ್ತು.

ಕೊರೊನರ್ ಕೇಟ್ಲಿನ್ ಇಂಗ್ಲಿಷ್ 2020ರ ಏಪ್ರಿಲ್‌ನಲ್ಲಿ ವರದಿ ಕೊಟ್ಟರು. ಬಂಧಿಸದೇ ಇದ್ದಿದ್ದರೆ ಈ ಸಾವು ಆಗುತ್ತಿರಲಿಲ್ಲ, ಸೆಲ್‌ನ ತಪಾಸಣೆ ಸಾಲದು, ಇಬ್ಬರು ಪೊಲೀಸರ ನಡತೆಯಲ್ಲಿ ಅಪರಾಧ ಇದ್ದಿರಬಹುದು ಅಂತ ಪ್ರಾಸಿಕ್ಯೂಷನ್ ನಿರ್ದೇಶಕರಿಗೆ ಕಳಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಾಸಿಕ್ಯೂಷನ್ ಕಡೆಯಿಂದ ಉತ್ತರ ಬಂತು: ಕೇಸು ಹಾಕುವುದಿಲ್ಲ.

ಇಲ್ಲೇ ಗಂಟು ಇರುವುದು. ಕೊರೊನರ್ ಏನಾಯಿತು ಅಂತ ಹೇಳಬಹುದು. ಯಾರು ಅಪರಾಧಿ ಅಂತ ಹೇಳುವ ಅಧಿಕಾರ ಇಲ್ಲ. ಅವರ ಶಿಫಾರಸುಗಳು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ವಿಕ್ಟೋರಿಯಾದಲ್ಲಿ ಮೂರು ತಿಂಗಳೊಳಗೆ ಉತ್ತರ ಕೊಡಬೇಕು ಅಂತಿದೆ. ಆದರೆ ‘ಪರಿಶೀಲಿಸುತ್ತೇವೆ’ ಅಂದರೂ ಅದು ಉತ್ತರವೇ. ಕೇಸು ಹಾಕಬೇಕಾದದ್ದು ಪ್ರಾಸಿಕ್ಯೂಷನ್. ಗೆಲ್ಲುವ ಸಾಧ್ಯತೆ ಸಾಕಷ್ಟಿದೆಯಾ ಅಂತ ಅವರು ಮೊದಲು ನೋಡುತ್ತಾರೆ. ನಿರ್ಲಕ್ಷ್ಯದಿಂದಾದ ನರಹತ್ಯೆ ಅಂತ ಸಾಬೀತು ಮಾಡಲು ಸುಮ್ನೆ ತಪ್ಪು ಮಾಡಿದ್ದಾನೆ ಅಂದರೆ ಸಾಲದು. ಆ ತಪ್ಪು ಜೈಲಿಗೆ ಹಾಕುವಷ್ಟು ಘೋರವಾಗಿತ್ತು ಅಂತ ತೋರಿಸಬೇಕು. ಈ ಮನುಷ್ಯನ ಈ ತಪ್ಪಿನಿಂದಲೇ ಸಾವಾಯಿತು ಅಂತಲೂ ತೋರಿಸಬೇಕು. ಅದೂ ಸಂಶಯಕ್ಕೆ ಎಡೆ ಇಲ್ಲದ ಹಾಗೆ.

ಟಾನ್ಯಾ ಡೇ ಸಾವಿನಲ್ಲಿ ತಪ್ಪು ಮಾಡಿದವರು ಎಷ್ಟು ಜನ? ಫೋನು ಮಾಡಿದ ಕಂಡಕ್ಟರ್, ಆಸ್ಪತ್ರೆಗೆ ಬದಲು ಸೆಲ್ ಆರಿಸಿದವರು, ತಪಾಸಣೆ ಸಡಿಲ ಮಾಡಿದವರು, ಕಿಟಕಿಯಲ್ಲಿ ಇಣುಕಿ ಹೋದವರು, 26 ವರ್ಷ ಆ ಕಾನೂನನ್ನು ತೆಗೆಯದೆ ಕೂತ ಸರ್ಕಾರಗಳು. ಒಬ್ಬೊಬ್ಬರ ತಪ್ಪೂ ಒಂದು ಸಾವಿನಷ್ಟು ದೊಡ್ಡದಿಲ್ಲ. ಎಲ್ಲ ಸೇರಿದಾಗ ಒಬ್ಬ ತಾಯಿ ಸತ್ತರು. ಕ್ರಿಮಿನಲ್ ಕಾನೂನು ಹುಡುಕುವುದು ಒಬ್ಬನನ್ನು. ಹೀಗೆ ಚೂರುಚೂರಾಗಿ ಹಂಚಿಹೋದ ತಪ್ಪಿನಲ್ಲಿ ಅದಕ್ಕೆ ಆ ಒಬ್ಬ ಸಿಗುವುದಿಲ್ಲ. ಅದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಬಂಧಿಸದಿದ್ದರೆ ಬದುಕುತ್ತಿದ್ದರು ಅಂತ ಕೊರೊನರ್ ಹೇಳಿದರಲ್ಲ, ಆ ಬಂಧನ ಅಂದಿನ ಕಾನೂನಿನ ಪ್ರಕಾರ ಸರಿಯಾಗೇ ಇತ್ತು. ಕಾನೂನೇ ತಪ್ಪು ಮಾಡಿದರೆ ಯಾರನ್ನು ಕಟಕಟೆಗೆ ತರುವುದು?

ಇದನ್ನು ನೋಡಿ ಪೊಲೀಸರದ್ದು ಏನೂ ತಪ್ಪಿಲ್ಲ ಅಂತ ಅಂದುಕೊಳ್ಳಬೇಡಿ. ಒಬ್ಬ ಅಧಿಕಾರಿಯ ಕೈ ನೇರವಾಗಿ ಇದೆ ಅನ್ನುವ ಆರೋಪ ಬಂದಾಗಲೂ ದಾರಿ ತಪ್ಪುತ್ತದೆ. ಹೇಗೆ ಅಂತ ತಿಳಿಯಲು ಪಾಮ್ ಐಲ್ಯಾಂಡ್‌ಗೆ ಹೋಗಬೇಕು.

ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಪುಟ್ಟ ದ್ವೀಪ ಅದು. ಹಿಂದೆ ಸರ್ಕಾರ ಬೇರೆ ಬೇರೆ ಕಡೆಯಿಂದ ಮೂಲನಿವಾಸಿಗಳನ್ನು ಎತ್ತಿ ತಂದು ಅಲ್ಲಿ ಹಾಕಿತ್ತು. 2004ರ ನವೆಂಬರ್ 19ರ ಬೆಳಿಗ್ಗೆ 36 ವರ್ಷದ ಒಬ್ಬ ವ್ಯಕ್ತಿ ಬೀದಿಯಲ್ಲಿ ಹೋಗುತ್ತಿದ್ದ. ಪೊಲೀಸರು ಇನ್ನೊಬ್ಬನನ್ನು ಹಿಡಿಯುತ್ತಿದ್ದರು. ಇವನು ಏನೋ ಅಂದ. ಸಾರ್ವಜನಿಕರಿಗೆ ಉಪದ್ರವ ಅಂತ ಇವನನ್ನೂ ವ್ಯಾನಿಗೆ ಹತ್ತಿಸಿದರು. ಸುಮಾರು ಒಂದು ಗಂಟೆಯೊಳಗೆ ಸೆಲ್‌ನ ನೆಲದಲ್ಲಿ ಹೆಣವಾಗಿದ್ದ. ನಾಲ್ಕು ಪಕ್ಕೆಲುಬು ಮುರಿದಿತ್ತು. ಯಕೃತ್ತು (ಲಿವರ್) ಬೆನ್ನುಮೂಳೆಗೆ ಅದುಮಿ ಹೆಚ್ಚೂಕಡಿಮೆ ಎರಡು ಹೋಳಾಗಿತ್ತು. ಅವನನ್ನು ಈಗ ಮುಲ್ರುಂಜಿ ಎಂದು ಕರೆಯುತ್ತಾರೆ.

ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿನ ಬಹಳಷ್ಟು ಸಮುದಾಯಗಳಲ್ಲಿ ಸತ್ತವರ ಹೆಸರು ಎತ್ತುವುದಿಲ್ಲ. ನಾವು ದಿವಂಗತ ಅಂತ ಸೇರಿಸಿ ಹೆಸರು ಹೇಳುತ್ತೇವೆ. ಅವರು ಹೆಸರನ್ನೇ ಎತ್ತಿಟ್ಟು ಬೇರೆ ಹೆಸರಿನಿಂದ ಕರೆಯುತ್ತಾರೆ. ಮಧ್ಯ ಆಸ್ಟ್ರೇಲಿಯಾದಲ್ಲಿ ಕುಮನ್‌ಜಾಯಿ ಅನ್ನುವುದು ಅಂಥ ಬದಲಿ ಹೆಸರು. ಸುದ್ದಿಯಲ್ಲಿ ಆ ಹೆಸರು ಮತ್ತೆ ಮತ್ತೆ ಬರುವುದು ಅದಕ್ಕೆ. ಮಗಳು ಮೂಲನಿವಾಸಿ ಗೆಳೆಯರ ಜತೆ ಮಾತಾಡುವಾಗ ಇದು ನೆನಪಿದ್ದರೆ ಒಳ್ಳೆಯದು. ಕುಟುಂಬ ಯಾವ ಹೆಸರು ಬಳಸಿ ಅನ್ನುತ್ತದೋ ಅದೇ ಸರಿ.

ಪಾಮ್ ಐಲ್ಯಾಂಡ್‌ನ ಸಾವಿನ ತನಿಖೆಗೆ ಬಂದವರು ಯಾರು? ಅದೇ ಕ್ವೀನ್ಸ್‌ಲ್ಯಾಂಡ್ ಪೊಲೀಸರು. ಅವರಲ್ಲಿ ಒಬ್ಬರು ಆರೋಪ ಎದುರಿಸುತ್ತಿದ್ದ ಸೀನಿಯರ್ ಸಾರ್ಜೆಂಟ್‌ನ ಗೆಳೆಯ. ವಿಮಾನ ಇಳಿದವರನ್ನು ಕರೆದುಕೊಂಡು ಹೋಗಲು ಬಂದದ್ದು ಅದೇ ಸಾರ್ಜೆಂಟ್. ರಾತ್ರಿ ಊಟಕ್ಕೆ ಕೂತದ್ದು ಅವನ ಮನೆಯಲ್ಲೇ. ಅವನು ಹೊಡೆಯುವುದನ್ನು ನೋಡಿದೆ ಅಂತ ಒಬ್ಬ ಸಾಕ್ಷಿ ಹೇಳಿದ್ದ. ಆ ಮಾತು ಶವಪರೀಕ್ಷೆ ಮಾಡುವ ವೈದ್ಯರಿಗೆ ಕಳಿಸಿದ ಮೊದಲ ವರದಿಯಲ್ಲಿ ಇರಲಿಲ್ಲ.

ಒಂದು ವಾರದ ಮೇಲೆ, ನವೆಂಬರ್ 26ರಂದು, ಶವಪರೀಕ್ಷೆಯ ವಿವರವನ್ನು ಊರವರ ಮುಂದೆ ಓದಿದರು. ಬಿದ್ದದ್ದರಿಂದ ಹೀಗಾಗಿರಬಹುದು ಅನ್ನುವ ಅರ್ಥ ಬರುವ ಮಾತು. ಊರು ಸಿಡಿದೆದ್ದಿತು. ಠಾಣೆಗೆ ಬೆಂಕಿ ಬಿತ್ತು. ಶಸ್ತ್ರಸಜ್ಜಿತ ವಿಶೇಷ ದಳದವರು ಮನೆಗಳಿಗೆ ನುಗ್ಗಿದರು, ಮಕ್ಕಳ ಮುಂದೆಯೇ ಬಂದೂಕು ತೋರಿಸಿದರು. ಆಮೇಲೆ ಗಲಭೆಗಾಗಿ ಜೈಲಿಗೆ ಹೋದವರಿದ್ದಾರೆ. ಲೆಕ್ಸ್ ವಾಟನ್ ಎನ್ನುವವರಿಗೆ ಆರು ವರ್ಷ ಆಯಿತು.

ಸಾವಿನ ಕೇಸು ಏನಾಯಿತು? 2006ರ ಸೆಪ್ಟೆಂಬರ್‌ನಲ್ಲಿ ಡೆಪ್ಯುಟಿ ಕೊರೊನರ್ ಕ್ರಿಸ್ಟೀನ್ ಕ್ಲೆಮೆಂಟ್ಸ್, ಸಾರ್ಜೆಂಟ್‌ನ ಏಟಿನಿಂದಲೇ ಈ ಗಾಯಗಳಾದವು ಅಂತ ತೀರ್ಮಾನ ಕೊಟ್ಟರು. ಡಿಸೆಂಬರ್‌ನಲ್ಲಿ ಪ್ರಾಸಿಕ್ಯೂಷನ್ ಕೇಸು ಹಾಕಲು ಒಪ್ಪಲಿಲ್ಲ. ಜನ ಬೀದಿಗೆ ಬಂದರು. ಸರ್ಕಾರ ಬೇರೆ ರಾಜ್ಯದ ನಿವೃತ್ತ ಮುಖ್ಯ ನ್ಯಾಯಮೂರ್ತಿಯಿಂದ ಮರುಪರಿಶೀಲನೆ ಮಾಡಿಸಿತು. ಕೇಸು ಹಾಕಬಹುದು ಅಂತ ಅವರು ಹೇಳಿದ ಮೇಲೆ 2007ರಲ್ಲಿ ನರಹತ್ಯೆ ಆರೋಪ ಹೊರಿಸಿದರು. ಜೂನ್‌ನಲ್ಲಿ ಟೌನ್ಸ್‌ವಿಲ್‌ನ ಜ್ಯೂರಿ ನಿರ್ದೋಷಿ ಎಂದಿತು. ಏಟಿನ ವಿಷಯದಲ್ಲಿ ಕೊರೊನರ್ ತೀರ್ಮಾನವನ್ನೂ ಮೇಲಿನ ಕೋರ್ಟು ಆಮೇಲೆ ರದ್ದು ಮಾಡಿತು. ಕಾನೂನಿನ ಲೆಕ್ಕದಲ್ಲಿ ಅವನು ನಿರ್ದೋಷಿ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಜ್ಯೂರಿ ಮುಂದೆ ಹೋದ ಸಾಕ್ಷ್ಯ ಎಂಥದ್ದು ಅನ್ನುವುದನ್ನು ಮರೆಯಬಾರದು. ಮೊದಲ 24 ಗಂಟೆಯಲ್ಲಿ ಸಂಗ್ರಹ ಮಾಡಬೇಕಾದದ್ದು ಗೆಳೆಯರ ಊಟದ ಮೇಜಿನಲ್ಲಿ ಸಡಿಲವಾದರೆ, ಎರಡೂವರೆ ವರ್ಷದ ಮೇಲೆ ಯಾವ ಬುದ್ಧಿವಂತ ವಕೀಲನೂ ಅದನ್ನು ಹೊಲಿದು ಕೊಡಲಾರ.

ಆ ದ್ವೀಪಕ್ಕೆ ಸ್ವಲ್ಪ ನ್ಯಾಯ ಸಿಕ್ಕಿದ್ದು ಬೇರೆ ಬಾಗಿಲಿನಿಂದ. ವಾಟನ್ ಮತ್ತು ಅವರ ಕುಟುಂಬ ಸಿವಿಲ್ ಕೇಸು ಹಾಕಿದರು. 2016ರಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಡೆಬ್ರಾ ಮಾರ್ಟಿಮರ್, ಪೊಲೀಸರು ತನಿಖೆ ಮಾಡಿದ ರೀತಿಯಲ್ಲೂ ಮನೆಗಳಿಗೆ ನುಗ್ಗಿದ ರೀತಿಯಲ್ಲೂ 1975ರ ಜನಾಂಗ ಭೇದ ತಡೆ ಕಾಯ್ದೆಯನ್ನು ಮುರಿದಿದ್ದಾರೆ ಎಂದರು. ಬಿಳಿಯರ ಊರಿನಲ್ಲಿ ಹೀಗೆ ಮಾಡುತ್ತಿದ್ದರಾ ಅನ್ನುವುದೇ ಆ ತೀರ್ಪಿನ ಒಳಗಿನ ಪ್ರಶ್ನೆ. 2018ರಲ್ಲಿ ರಾಜ್ಯ ಸರ್ಕಾರ ದ್ವೀಪದ ಜನರಿಗೆ 3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡು ಕ್ಷಮೆ ಕೇಳಿತು. ಸಿವಿಲ್ ಕೇಸಿನಲ್ಲಿ ಒಬ್ಬನ ಅಪರಾಧ ಸಾಬೀತು ಮಾಡಬೇಕಿಲ್ಲ. ಇಡೀ ವ್ಯವಸ್ಥೆ ಹೇಗೆ ನಡೆದುಕೊಂಡಿತು ಅಂತ ಕೇಳಬಹುದು. ನನಗೆ ಇದರಲ್ಲಿ ಆಸೆ ಕಾಣುತ್ತದೆ. ಆದರೆ 12 ವರ್ಷ ಬೇಕಾಯಿತು.

ಜ್ಯೂರಿಯ ಮಾತು ಬಂತು. ರಾಯಲ್ ಕಮಿಷನ್ ಹುಟ್ಟಲು ಕಾರಣವಾದ ಸಾವುಗಳಲ್ಲಿ ಒಂದು ಜಾನ್ ಪ್ಯಾಟ್ ಎನ್ನುವ 16 ವರ್ಷದ ಹುಡುಗನದ್ದು. 1983ರ ಸೆಪ್ಟೆಂಬರ್ 28, ಪಶ್ಚಿಮ ಆಸ್ಟ್ರೇಲಿಯಾದ ರೋಬರ್ನ್. ಹೋಟೆಲ್ ಹೊರಗೆ ಡ್ಯೂಟಿಯಲ್ಲಿಲ್ಲದ ಪೊಲೀಸರ ಜತೆ ಜಗಳ, ತಲೆಗೆ ಪೆಟ್ಟು, ಲಾಕಪ್‌ನಲ್ಲಿ ಸಾವು. ಪೊಲೀಸರ ಮೇಲೆ ನರಹತ್ಯೆ ಕೇಸು ನಡೆಯಿತು. ಎಲ್ಲ ಬಿಳಿಯರೇ ಇದ್ದ ಜ್ಯೂರಿ ಮರುವರ್ಷ ಎಲ್ಲರನ್ನೂ ಬಿಟ್ಟಿತು. 36 ವರ್ಷದ ಮೇಲೆ, 2019ರ ನವೆಂಬರ್ 9ರಂದು, ಉತ್ತರ ಪ್ರಾಂತ್ಯದ ಯುಯೆಂಡುಮು ಹಳ್ಳಿಯಲ್ಲಿ ಕುಮನ್‌ಜಾಯಿ ವಾಕರ್ ಎನ್ನುವ 19ರ ವಾರ್ಲ್‌ಪಿರಿ ಸಮುದಾಯದ ಹುಡುಗನಿಗೆ ಪೊಲೀಸ್ ಅಧಿಕಾರಿ ಮೂರು ಗುಂಡು ಹೊಡೆದ. ಹುಡುಗ ಮೊದಲು ಕತ್ತರಿಯಿಂದ ಚುಚ್ಚಿದ್ದ. ಹಾಗಾಗಿ ಮೊದಲ ಗುಂಡಿಗೆ ಕೇಸು ಇರಲಿಲ್ಲ, ಆಮೇಲಿನ ಎರಡಕ್ಕೆ ಕೊಲೆ ಆರೋಪ ಬಂತು. ವಿಚಾರಣೆ ನಡೆದದ್ದು ಹಳ್ಳಿಯಿಂದ ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ದೂರದ ಡಾರ್ವಿನ್‌ನಲ್ಲಿ. ಜ್ಯೂರಿಯಲ್ಲಿ ಮೂಲನಿವಾಸಿ ಒಬ್ಬರೂ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ಖುಲಾಸೆ.

ಆಮೇಲಿನ ಇನ್‌ಕ್ವೆಸ್ಟ್‌ನಲ್ಲಿ ಜ್ಯೂರಿ ನೋಡದಿದ್ದದ್ದು ಹೊರಗೆ ಬಂತು. ಪೊಲೀಸರು ಫೋನಿನಲ್ಲಿ ಕಳಿಸಿಕೊಂಡ ಮೆಸೇಜುಗಳು, ಮೂಲನಿವಾಸಿಗಳನ್ನು ಹೀಯಾಳಿಸುವ ಮಾತು, ವಿಶೇಷ ದಳದ ಕೂಟಗಳಲ್ಲಿ ಕೊಡುತ್ತಿದ್ದ ಜನಾಂಗ ದ್ವೇಷದ ಬಹುಮಾನಗಳು. 2025ರ ಜುಲೈನಲ್ಲಿ ಕೊರೊನರ್ ಎಲಿಜಬೆತ್ ಆರ್ಮಿಟೇಜ್ ಆ ಅಧಿಕಾರಿಯಲ್ಲಿ ಜನಾಂಗ ದ್ವೇಷ ಇತ್ತು, ಸಂಸ್ಥೆಯ ಒಳಗೇ ಅದು ಬೇರುಬಿಟ್ಟ ಲಕ್ಷಣಗಳಿದ್ದವು ಎಂದರು. ಆ ದ್ವೇಷದಿಂದಲೇ ಸಾವಾಯಿತು ಅಂತ ಖಚಿತವಾಗಿ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು ಅಂತ ಬರೆದರು. ವರದಿ ಬರುವ ಹೊತ್ತಿಗೆ ಅದೇ ಹಳ್ಳಿಯ ಇನ್ನೊಬ್ಬ ಯುವಕ, 24 ವರ್ಷದ ಅಂಗವಿಕಲ, ಆಲಿಸ್ ಸ್ಪ್ರಿಂಗ್ಸ್‌ನ ಸೂಪರ್ ಮಾರ್ಕೆಟ್‌ನಲ್ಲಿ ಪೊಲೀಸರು ನೆಲಕ್ಕೆ ಒತ್ತಿ ಹಿಡಿದ ಮೇಲೆ ಸತ್ತಿದ್ದ. ತನಿಖೆ ಸ್ವತಂತ್ರವಾಗಿ ನಡೆಯಲಿ ಅಂತ ಕುಟುಂಬ ಬೇಡಿತು. ಅಲ್ಲಿನ ಪೊಲೀಸರು ಬಿಟ್ಟುಕೊಡಲಿಲ್ಲ. ಪಾಮ್ ಐಲ್ಯಾಂಡ್ ಆಗಿ 20 ವರ್ಷ ದಾಟಿತ್ತು.

ನನ್ನನ್ನು ಕೇಳಿದರೆ ಮೊದಲು ಬದಲಾಗಬೇಕಾದದ್ದು ಇದೇ. ಪೊಲೀಸರ ಮೇಲೆ ಆರೋಪ ಇರುವ ಸಾವಿನ ತನಿಖೆಯನ್ನು ಪೊಲೀಸರು ಮಾಡಬಾರದು, ಮೊದಲ ಗಂಟೆಯಿಂದಲೇ ಮಾಡಬಾರದು. ಉತ್ತರ ಐರ್ಲೆಂಡ್‌ನಲ್ಲಿ ಪೊಲೀಸ್ ಒಂಬುಡ್ಸ್‌ಮನ್ ಕಚೇರಿಗೆ ಸ್ವಂತ ತನಿಖಾಧಿಕಾರಿಗಳಿದ್ದಾರೆ. ಅವರೇ ಸ್ಥಳಕ್ಕೆ ಬಂದು ಎಲ್ಲವನ್ನೂ ಕೈಗೆ ತೆಗೆದುಕೊಳ್ಳುತ್ತಾರೆ. ಆಸ್ಟ್ರೇಲಿಯಾದ ರಾಜ್ಯಗಳಲ್ಲಿ ಮೇಲ್ವಿಚಾರಣೆ ಆಯೋಗಗಳು ಇವೆ. ಆದರೆ ನ್ಯೂ ಸೌತ್ ವೇಲ್ಸ್‌ನಂಥ ಕಡೆ ಆಯೋಗದ ಕೆಲಸ ಪೊಲೀಸರ ತನಿಖೆಯನ್ನು ಪಕ್ಕದಲ್ಲಿ ನಿಂತು ಗಮನಿಸುವುದು, ತಾನೇ ನಡೆಸುವುದಲ್ಲ. ಹೊರಗಿನವರು ಬಂದು ನೋಡುವುದಕ್ಕೂ ಅಡ್ಡಿ ಇದೆ. 2022ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ತಡೆ ಉಪಸಮಿತಿ ಬಂದಾಗ ಕೆಲವು ಕಡೆ ಒಳಗೆ ಬಿಡಲಿಲ್ಲ. ಅವರು ಭೇಟಿ ಅರ್ಧಕ್ಕೆ ನಿಲ್ಲಿಸಿ ವಾಪಸ್ ಹೋದರು.

ನಮ್ಮಲ್ಲಿ ಹೇಗೆ ಅಂತ ನೀವು ಕೇಳಬಹುದು. ಕಸ್ಟಡಿ ಸಾವಾದರೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡಬೇಕು, 24 ಗಂಟೆಯಲ್ಲಿ ಮಾನವ ಹಕ್ಕು ಆಯೋಗಕ್ಕೆ ತಿಳಿಸಬೇಕು. ಕರ್ನಾಟಕದಲ್ಲಿ ಸಾಮಾನ್ಯವಾಗಿ ತನಿಖೆ ಸಿಐಡಿಗೆ ಹೋಗುತ್ತದೆ. ಅದೂ ಪೊಲೀಸ್ ಇಲಾಖೆಯದ್ದೇ ಅಂಗ. ಶಿಕ್ಷೆ ನಮ್ಮಲ್ಲೂ ಅಪರೂಪ. ಹಾಗಾಗಿ ಅವರು ಕೆಟ್ಟವರು, ನಾವು ಒಳ್ಳೆಯವರು ಅಂತ ಮಗಳಿಗೆ ಹೇಳುವ ಹಾಗಿಲ್ಲ.

ರಾಯಲ್ ಕಮಿಷನ್‌ನ ಒಂದು ಮಾತನ್ನು ಜನ ತಪ್ಪಾಗಿ ತಿಳಿದಿದ್ದಾರೆ. ಕಸ್ಟಡಿಗೆ ಬಂದ ಮೇಲೆ ಮೂಲನಿವಾಸಿಗಳು ಬೇರೆಯವರಿಗಿಂತ ಜಾಸ್ತಿ ಪ್ರಮಾಣದಲ್ಲಿ ಸಾಯುವುದಿಲ್ಲ ಅಂತ ಅದು ಹೇಳಿತ್ತು. ಇದನ್ನು ಹಿಡಿದುಕೊಂಡು ಸಮಸ್ಯೆಯೇ ಇಲ್ಲ ಅನ್ನುವವರಿದ್ದಾರೆ. ಕಮಿಷನ್ ಹೇಳಿದ್ದು ಬೇರೆ: ಅವರು ಅಷ್ಟು ಸಾಯುವುದು ಅಷ್ಟು ಜನರನ್ನು ಹಿಡಿದು ಒಳಗೆ ಹಾಕುವುದರಿಂದ. ದೇಶದ ಜನಸಂಖ್ಯೆಯಲ್ಲಿ ಅವರು ಶೇಕಡ 4ಕ್ಕಿಂತ ಕಡಿಮೆ. 1991ರಲ್ಲಿ ಜೈಲಿನಲ್ಲಿದ್ದವರಲ್ಲಿ ಅವರ ಪಾಲು ಸುಮಾರು ಶೇಕಡ 14. ಈಗ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಆ 99 ಜನರಲ್ಲಿ 43 ಮಂದಿಯನ್ನು ಚಿಕ್ಕಂದಿನಲ್ಲೇ ತಂದೆತಾಯಿಯಿಂದ ಬೇರೆ ಮಾಡಿದ್ದರು. ಸೆಲ್‌ನಲ್ಲಿ ಮುಗಿಯುವ ಕತೆ ಶುರುವಾಗಿದ್ದು ಸೆಲ್‌ನಲ್ಲಿ ಅಲ್ಲ ಅಂತ ಆ ವರದಿಯ ಪ್ರತಿ ಪುಟ ಹೇಳುತ್ತದೆ. ಅದು ಮಾಡಿದ ಶಿಫಾರಸು 339. ಪೊಲೀಸ್, ಜೈಲು ಎಲ್ಲ ರಾಜ್ಯಗಳ ಕೈಯಲ್ಲಿರುವುದರಿಂದ ಒಂದೊಂದು ರಾಜ್ಯ ತನಗೆ ಬೇಕಾದ್ದನ್ನು ಬೇಕಾದಾಗ ಮಾಡಿತು.

ದಂಡ ಕಟ್ಟಿಲ್ಲ ಅಂತ ಒಳಗೆ ಹಾಕಿದ 22 ವರ್ಷದ ಹುಡುಗಿಯ ಕತೆ ಇದಕ್ಕೆ ಉದಾಹರಣೆ. ಮಿಸ್ ಧೂ ಅಂತ ಕುಟುಂಬ ಕರೆಯುತ್ತದೆ. 2014ರ ಆಗಸ್ಟ್, ಪಶ್ಚಿಮ ಆಸ್ಟ್ರೇಲಿಯಾದ ಸೌತ್ ಹೆಡ್‌ಲ್ಯಾಂಡ್. ಬಾಕಿ ಇದ್ದ ದಂಡ 3,622 ಡಾಲರ್. ಸಂಗಾತಿಯ ಹಿಂಸೆಯಲ್ಲಿ ಪಕ್ಕೆಲುಬು ಮುರಿದಿತ್ತು, ಅದು ಸೋಂಕಾಗಿ ರಕ್ತಕ್ಕೆ ಹರಡಿತ್ತು. ನೋವು ನೋವು ಅಂತ ಕೂಗಿದಳು. ಎರಡು ಸಲ ಆಸ್ಪತ್ರೆಗೆ ಕರೆದೊಯ್ದು ವಾಪಸ್ ತಂದರು. ಮೂರನೇ ಸಲ ಕೈಕಾಲು ಹಿಡಿದು ಎತ್ತಿಕೊಂಡು ಹೋದರು, ಅವಳು ಬದುಕಲಿಲ್ಲ. ಅವಳು ನಟಿಸುತ್ತಿದ್ದಾಳೆ ಅನ್ನುವುದು ಪೊಲೀಸರ ನಂಬಿಕೆ. ಪೊಲೀಸರ ನಡತೆ ಅಮಾನವೀಯ ಎಂದು ಕೊರೊನರ್ ಬರೆದರು. ಯಾರ ಮೇಲೂ ಕ್ರಿಮಿನಲ್ ಕೇಸು ಆಗಲಿಲ್ಲ. ಆದರೆ 2020ರಲ್ಲಿ ಆ ರಾಜ್ಯ ಕಾನೂನು ಬದಲಿಸಿತು. ದಂಡ ಬಾಕಿಗೆ ಜನರನ್ನು ಜೈಲಿಗೆ ಹಾಕುವುದು ಹೆಚ್ಚೂಕಡಿಮೆ ನಿಂತಿತು. ಟಾನ್ಯಾ ಡೇ ಅವರ ಮಕ್ಕಳ ಹೋರಾಟದಿಂದ 2023ರ ನವೆಂಬರ್ 7ರಿಂದ ವಿಕ್ಟೋರಿಯಾದಲ್ಲಿ ಕುಡಿದು ಬೀದಿಯಲ್ಲಿರುವುದು ಅಪರಾಧ ಅಲ್ಲ. ಕಮಿಷನ್ ಹೇಳಿ 32 ವರ್ಷವಾದ ಮೇಲೆ.

ಒಂದು ಫೋನು ಕರೆಯೂ ಎಷ್ಟು ಕೆಲಸ ಮಾಡುತ್ತದೆ ನೋಡಿ. ನ್ಯೂ ಸೌತ್ ವೇಲ್ಸ್‌ನಲ್ಲಿ 2000ದಿಂದ ಒಂದು ನಿಯಮ ಇದೆ. ಮೂಲನಿವಾಸಿಯನ್ನು ಬಂಧಿಸಿದರೆ ಪೊಲೀಸರು ಕೂಡಲೇ ಅಬೊರಿಜಿನಲ್ ಲೀಗಲ್ ಸರ್ವಿಸ್‌ಗೆ (ಮೂಲನಿವಾಸಿಗಳ ಕಾನೂನು ನೆರವು ಸಂಸ್ಥೆ) ಫೋನು ಮಾಡಬೇಕು. ಹಗಲು ರಾತ್ರಿ ಅಲ್ಲಿ ವಕೀಲರಿರುತ್ತಾರೆ. ಆರೋಗ್ಯ ಹೇಗಿದೆ, ಔಷಧ ಬೇಕಾ, ಮನಸ್ಸು ಹೇಗಿದೆ ಅಂತಲೂ ಕೇಳುತ್ತಾರೆ. ವರ್ಷಗಟ್ಟಲೆ ಆ ರಾಜ್ಯದ ಪೊಲೀಸ್ ಸೆಲ್‌ಗಳಲ್ಲಿ ಮೂಲನಿವಾಸಿಗಳ ಒಂದೂ ಸಾವಾಗಲಿಲ್ಲ. 2016ರಲ್ಲಿ ಮೇಟ್‌ಲ್ಯಾಂಡ್ ಠಾಣೆಯಲ್ಲಿ ಒಬ್ಬ ಹೆಣ್ಣುಮಗಳು ಸತ್ತಳು. ಅವಳ ವಿಷಯದಲ್ಲಿ ಫೋನು ಹೋಗಿರಲಿಲ್ಲ. ಅಮಲಿನಲ್ಲಿದ್ದಾಳೆ ಅಂತ ‘ರಕ್ಷಣೆಗಾಗಿ’ ಇಟ್ಟುಕೊಂಡದ್ದು, ಬಂಧನ ಅಲ್ಲ, ಹಾಗಾಗಿ ನಿಯಮ ಅನ್ವಯಿಸುವುದಿಲ್ಲ ಅನ್ನುವುದು ಕಾರಣ. ಆಮೇಲೆ ನಿಯಮ ತಿದ್ದಿದರು. ಒಬ್ಬ ಹೊರಗಿನವ ಕೇಳುತ್ತಿದ್ದಾನೆ ಅಂತ ಗೊತ್ತಾದರೆ ಸೆಲ್‌ನ ಒಳಗಿನ ನಡತೆ ಬದಲಾಗುತ್ತದೆ, ಅಲ್ವಾ? ಸತ್ತ ಮೇಲಿನ ಹೊಣೆಗಿಂತ ಸಾಯುವ ಮುಂಚಿನ ಈ ಹೊಣೆ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಆದರೆ ಮೊದಲನೆಯದನ್ನು ಬಿಟ್ಟುಬಿಡಿ ಅಂತ ಆ ಮನೆಗಳವರಿಗೆ ಹೇಳುವ ಬಾಯಿ ನನಗಿಲ್ಲ.

ಮಗಳಿಗೆ ಏನು ಹೇಳಬೇಕು ಅಂತ ಕೇಳಿದ್ದೀರಿ. ಅವಳು ಓದಿದ ಫಲಕ ಸುಳ್ಳಲ್ಲ ಅಂತ ಹೇಳಿ. ಮೆಲ್ಬರ್ನ್‌ನ ಸೌತ್‌ಬ್ಯಾಂಕ್‌ನಲ್ಲಿ ಕೊರೊನರ್ಸ್ ಕೋರ್ಟ್ ಇದೆ. ಇನ್‌ಕ್ವೆಸ್ಟ್‌ಗಳಿಗೆ ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದು. ಟಾನ್ಯಾ ಡೇ ಅವರ ವರದಿ ಪೂರ್ತಿಯಾಗಿ ಆ ಕೋರ್ಟಿನ ವೆಬ್‌ಸೈಟಿನಲ್ಲೇ ಇದೆ. ಬಿಡುವಾದಾಗ ಓದಲಿ. ಸೆಲ್‌ನ ಆ ಸಂಜೆಯನ್ನು ನಿಮಿಷ ನಿಮಿಷವಾಗಿ ಬರೆದಿದ್ದಾರೆ.